ವೈದ್ಯರ ಹಣಕಾಸು ನಿರ್ವಹಣೆ

ವೈದ್ಯರ ಹಣಕಾಸು ನಿರ್ವಹಣೆ ಎಂದರೆ ವೈದ್ಯವೃತ್ತಿಯಲ್ಲಿರುವವರು ತಮ್ಮ ಮನೆಯ ಹಾಗೂ ಚಿಕಿತ್ಸಾಲಯದ ಆದಾಯ, ವೆಚ್ಚ, ಸಾಲ, ತೆರಿಗೆ, ವಿಮೆ ಮತ್ತು ಉಳಿತಾಯಗಳನ್ನು ಯೋಜಿಸಿ ನಡೆಸುವ ಕ್ರಮ. ಭಾರತದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವ ವೈದ್ಯರು ಏಕಕಾಲದಲ್ಲಿ ವೃತ್ತಿಪರರೂ ಉದ್ಯೋಗದಾತರೂ ಸಾಲಗಾರರೂ ತೆರಿಗೆದಾರರೂ ಆಗಿರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಏಕಮಾಲೀಕತ್ವದ ಚಿಕಿತ್ಸಾಲಯಕ್ಕೆ ವೈದ್ಯರಿಂದ ಪ್ರತ್ಯೇಕವಾದ ಅಸ್ತಿತ್ವವಿಲ್ಲ. ಆದ್ದರಿಂದ ಚಿಕಿತ್ಸಾಲಯದ ನಷ್ಟ ಮನೆಯನ್ನೂ, ಮನೆಯ ಸಾಲ ಚಿಕಿತ್ಸಾಲಯವನ್ನೂ ತಟ್ಟುತ್ತದೆ. ಈ ಒತ್ತಡ ವೈದ್ಯರ ಚಿಕಿತ್ಸಾ ನಿರ್ಧಾರಗಳ ಮೇಲೂ ಪ್ರಭಾವ ಬೀರಬಹುದಾದ ಕಾರಣ, ಈ ವಿಷಯವು ವೈಯಕ್ತಿಕ ಅರ್ಥಶಾಸ್ತ್ರಕ್ಕಷ್ಟೇ ಅಲ್ಲದೆ ವೈದ್ಯಕೀಯ ನೀತಿಶಾಸ್ತ್ರಕ್ಕೂ ಸಂಬಂಧಿಸಿದೆ.

ಈ ಲೇಖನದಲ್ಲಿ ಭಾರತದ, ವಿಶೇಷವಾಗಿ ಕರ್ನಾಟಕದ ಖಾಸಗಿ ವೈದ್ಯವೃತ್ತಿಗೆ ಅನ್ವಯಿಸುವ ಅಂಶಗಳನ್ನು ವಿವರಿಸಲಾಗಿದೆ. ತೆರಿಗೆಯ ಕಲಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. ದರ ಮತ್ತು ಮಿತಿಗಳು 2025–26ನೇ ಆರ್ಥಿಕ ವರ್ಷದವು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿದ್ದು, ಅದರಲ್ಲಿ ಕಲಂಗಳ ಸಂಖ್ಯೆಗಳು ಬದಲಾಗಿವೆ.

ಹಿನ್ನೆಲೆ

ವೈದ್ಯರ ಗಳಿಕೆ ಇತರ ಅನೇಕ ವೃತ್ತಿಗಳಿಗಿಂತ ತಡವಾಗಿ ಆರಂಭವಾಗುತ್ತದೆ. ಎಂಬಿಬಿಎಸ್ ಪದವಿಗೆ ನಾಲ್ಕೂವರೆ ವರ್ಷಗಳ ಅಧ್ಯಯನ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಅಗತ್ಯ. ಎಂಡಿ ಅಥವಾ ಎಂಎಸ್ ಪದವಿಗೆ ಮತ್ತೆ ಮೂರು ವರ್ಷ, ಸೂಪರ್ ಸ್ಪೆಷಾಲಿಟಿಗೆ ಇನ್ನೂ ಮೂರು ವರ್ಷ ಬೇಕಾಗುತ್ತದೆ. ನಡುವೆ ಪ್ರವೇಶ ಪರೀಕ್ಷೆಗಳ ತಯಾರಿಯಲ್ಲಿ ಕಳೆಯುವ ಕಾಲವನ್ನೂ ಸೇರಿಸಿದರೆ, ತಜ್ಞ ವೈದ್ಯರು ಪೂರ್ಣ ಪ್ರಮಾಣದ ಆದಾಯ ಕಾಣುವ ಹೊತ್ತಿಗೆ ಮೂವತ್ತು ವರ್ಷ ದಾಟಿರುವುದು ಸಾಮಾನ್ಯ. ಖಾಸಗಿ ಕಾಲೇಜಿನಲ್ಲಿ ಓದಿದವರಿಗೆ ಶಿಕ್ಷಣ ಸಾಲದ ಭಾರವೂ ಇರುತ್ತದೆ. ಮದುವೆ, ಮಕ್ಕಳು, ಮನೆ, ಚಿಕಿತ್ಸಾಲಯದ ಸ್ಥಾಪನೆ ಇವೆಲ್ಲ ಬಹುತೇಕ ಒಂದೇ ದಶಕದೊಳಗೆ ಎದುರಾಗುತ್ತವೆ.

ವೈದ್ಯಕೀಯ ಪಠ್ಯಕ್ರಮದಲ್ಲಿ ಲೆಕ್ಕಪತ್ರ ಮತ್ತು ತೆರಿಗೆ ಮುಖ್ಯ ವಿಷಯಗಳಲ್ಲ. ಹೀಗಾಗಿ ಹೆಚ್ಚಿನವರು ಇವುಗಳನ್ನು ಹಿರಿಯ ಸಹೋದ್ಯೋಗಿಗಳಿಂದ, ಲೆಕ್ಕ ಪರಿಶೋಧಕರಿಂದ ಅಥವಾ ಸ್ವಂತ ಅನುಭವದಿಂದ ಕಲಿಯುತ್ತಾರೆ.

ಆದಾಯದ ಸ್ವರೂಪ

ವೈದ್ಯರ ಆದಾಯವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ವೇತನ: ಸರ್ಕಾರಿ ಆಸ್ಪತ್ರೆ, ವೈದ್ಯಕೀಯ ಕಾಲೇಜು ಅಥವಾ ಖಾಸಗಿ ಸಂಸ್ಥೆಯ ನೌಕರರಾಗಿರುವ ವೈದ್ಯರು ಪಡೆಯುವ ಸಂಬಳ. ಇದಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ₹75,000 ಪ್ರಮಾಣಿತ ಕಡಿತ ದೊರೆಯುತ್ತದೆ. ನೌಕರಿಯ ಸ್ವರೂಪಕ್ಕೆ ಅನುಗುಣವಾಗಿ ಭವಿಷ್ಯ ನಿಧಿ, ರಜೆ, ಉಪದಾನ ಮೊದಲಾದ ಸೌಲಭ್ಯಗಳೂ ಇರುತ್ತವೆ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರ ನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರು.

ಸಲಹಾ ಶುಲ್ಕ: ದೊಡ್ಡ ಆಸ್ಪತ್ರೆಗಳಲ್ಲಿ ಸಲಹಾ ತಜ್ಞರಾಗಿ, ಅಂದರೆ ಕನ್ಸಲ್ಟೆಂಟ್ ಆಗಿ ಕೆಲಸ ಮಾಡುವವರು ಅನೇಕ ವೇಳೆ ನೌಕರರಲ್ಲ. ಆಸ್ಪತ್ರೆಯು ಅವರಿಗೆ ನೀಡುವ ಮೊತ್ತವು ವರ್ಷಕ್ಕೆ ₹50,000 ಮೀರಿದರೆ 194ಜೆ ಕಲಂ ಪ್ರಕಾರ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುತ್ತದೆ. ಇವರಿಗೆ ಪ್ರಮಾಣಿತ ಕಡಿತವಾಗಲಿ ಭವಿಷ್ಯ ನಿಧಿಯಾಗಲಿ ಇಲ್ಲ. ಆದರೆ ವೃತ್ತಿಗೆ ತಗಲಿದ ವೆಚ್ಚವನ್ನು ಆದಾಯದಿಂದ ಕಳೆಯಬಹುದು. ಒಬ್ಬ ವೈದ್ಯರು ನೌಕರರೋ ಸಲಹಾ ತಜ್ಞರೋ ಎಂಬುದು ಹುದ್ದೆಯ ಹೆಸರಿನಿಂದಲ್ಲ, ಒಪ್ಪಂದದ ಷರತ್ತುಗಳಿಂದ ನಿರ್ಧಾರವಾಗುತ್ತದೆ.

ಸ್ವಂತ ವೃತ್ತಿಯ ಆದಾಯ: ಚಿಕಿತ್ಸಾಲಯ, ನರ್ಸಿಂಗ್ ಹೋಮ್ ಅಥವಾ ರೋಗಪತ್ತೆ ಕೇಂದ್ರದಿಂದ ಬರುವ ಹಣ. ಹೊರರೋಗಿಗಳ ಶುಲ್ಕ ಆ ದಿನವೇ ಕೈಸೇರುತ್ತದೆ. ಆದರೆ ವಿಮಾ ಕಂಪನಿಗಳು ಮತ್ತು ಸರ್ಕಾರಿ ಯೋಜನೆಗಳ ಮೂಲಕ ಬರಬೇಕಾದ ಹಣ, ಚಿಕಿತ್ಸೆ ಮುಗಿದು ದಾಖಲೆಗಳ ಪರಿಶೀಲನೆಯಾದ ಬಳಿಕವಷ್ಟೇ ಪಾವತಿಯಾಗುತ್ತದೆ. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಮತ್ತು ಅದರೊಂದಿಗೆ ವಿಲೀನಗೊಂಡ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಚಿಕಿತ್ಸೆಗಳಿಗೆ ಸರ್ಕಾರವೇ ಪ್ಯಾಕೇಜ್ ದರ ನಿಗದಿಪಡಿಸುತ್ತದೆ. ಔಷಧ ಪೂರೈಕೆದಾರರಿಗೂ ಸಿಬ್ಬಂದಿಗೂ ಆಯಾ ತಿಂಗಳೇ ಹಣ ಕೊಡಬೇಕಾದುದರಿಂದ, ಪುಸ್ತಕದಲ್ಲಿ ಲಾಭ ತೋರುವ ನರ್ಸಿಂಗ್ ಹೋಮ್‌ಗಳಲ್ಲಿಯೂ ಕೈಯಲ್ಲಿ ನಗದು ಇಲ್ಲದ ಸ್ಥಿತಿ ಉಂಟಾಗಬಹುದು.

ಬಾಕಿ ಉಳಿಯುವ ಬಿಲ್ಲುಗಳೂ ಇರುತ್ತವೆ. ತುರ್ತು ಸ್ಥಿತಿಯಲ್ಲಿ ಬಂದವರ ಪ್ರಾಣರಕ್ಷಣೆ ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಒತ್ತಾಯಿಸುವುದನ್ನು ನಿರ್ಬಂಧಿಸುತ್ತದೆ. ಆದಕಾರಣ ವಸೂಲಾಗದ ಹಣವನ್ನು ಅಪವಾದವೆಂದು ತಿಳಿಯದೆ, ವಾರ್ಷಿಕ ಅಂದಾಜಿನಲ್ಲೇ ಒಂದು ಬಾಬ್ತಾಗಿ ಸೇರಿಸುವುದು ಯುಕ್ತ.

ಎರಡು ಲೆಕ್ಕಗಳ ಪ್ರತ್ಯೇಕತೆ

ಸಣ್ಣ ಚಿಕಿತ್ಸಾಲಯಗಳಲ್ಲಿ ಕಂಡುಬರುವ ಸಾಮಾನ್ಯ ತೊಂದರೆ ಮನೆ ಮತ್ತು ವೃತ್ತಿಯ ಹಣದ ಬೆರಕೆ. ಮೇಜಿನ ಸೆಳೆಖಾನೆಯಲ್ಲಿ ಸೇರಿದ ನಗದಿನಿಂದಲೇ ಮನೆಯ ದಿನಸಿ, ಮಕ್ಕಳ ಶಾಲಾ ಶುಲ್ಕ, ಸಿಬ್ಬಂದಿಯ ಸಂಬಳ, ಔಷಧದ ಬಿಲ್ಲು ಎಲ್ಲವೂ ಸಂದಾಯವಾಗುತ್ತಿದ್ದರೆ, ಚಿಕಿತ್ಸಾಲಯವು ಲಾಭದಲ್ಲಿದೆಯೇ ಇಲ್ಲವೇ ಎಂಬುದು ಅದರ ಒಡೆಯರಿಗೇ ತಿಳಿಯುವುದಿಲ್ಲ. ಯುಪಿಐ ಪಾವತಿಗಳು ವೈದ್ಯರ ವೈಯಕ್ತಿಕ ಖಾತೆಗೆ ನೇರವಾಗಿ ಬೀಳುವ ವ್ಯವಸ್ಥೆಯಲ್ಲಿಯೂ ಇದೇ ಸಮಸ್ಯೆಯಿದೆ.

ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಕ್ರಮ ಹೀಗಿದೆ. ರೋಗಿಗಳಿಂದ ಬರುವ ಎಲ್ಲ ಹಣವೂ, ನಗದು ಸೇರಿದಂತೆ, ಚಿಕಿತ್ಸಾಲಯದ ಚಾಲ್ತಿ ಖಾತೆಗೆ ಜಮೆಯಾಗಬೇಕು. ವೃತ್ತಿಯ ಎಲ್ಲ ವೆಚ್ಚಗಳೂ ಆ ಖಾತೆಯಿಂದಲೇ ಹೋಗಬೇಕು. ವೈದ್ಯರು ತಿಂಗಳ ಒಂದು ನಿಶ್ಚಿತ ದಿನ, ನಿಶ್ಚಿತ ಮೊತ್ತವನ್ನು ಮನೆಯ ಖಾತೆಗೆ ವರ್ಗಾಯಿಸಿಕೊಳ್ಳಬೇಕು. ತೆರಿಗೆ ಕಾನೂನಿನಲ್ಲಿ ಈ ವರ್ಗಾವಣೆ ವೆಚ್ಚವಲ್ಲ, ಕೇವಲ ಮಾಲೀಕರ ಹಿಂತೆಗೆತ; ಆದರೂ ಲೆಕ್ಕದ ದೃಷ್ಟಿಯಿಂದ ಇದನ್ನು ವೈದ್ಯರು ತಮಗೆ ತಾವೇ ಕೊಟ್ಟುಕೊಳ್ಳುವ ಸಂಬಳವೆಂದು ಪರಿಗಣಿಸಬಹುದು. ಮೂರನೆಯ ಖಾತೆಯೊಂದರಲ್ಲಿ ತೆರಿಗೆಗಾಗಿ ಪ್ರತಿ ತಿಂಗಳೂ ಒಂದು ಪಾಲನ್ನು ತೆಗೆದಿಡುವ ಪದ್ಧತಿಯೂ ಇದೆ.

ಚಿಕಿತ್ಸಾಲಯದ ವೆಚ್ಚ ಮತ್ತು ಸಮತೋಲನ ಬಿಂದು

ಚಿಕಿತ್ಸಾಲಯದ ವೆಚ್ಚಗಳಲ್ಲಿ ಎರಡು ಬಗೆ. ಬಾಡಿಗೆ, ಸಂಬಳ, ಸಾಲದ ಕಂತು, ವಿಮೆ, ಜೈವಿಕ ವೈದ್ಯಕೀಯ ತ್ಯಾಜ್ಯ ವಿಲೇವಾರಿಯ ಶುಲ್ಕ ಮೊದಲಾದವು ರೋಗಿಗಳು ಬಂದರೂ ಬಾರದಿದ್ದರೂ ತಪ್ಪದ ಸ್ಥಿರ ವೆಚ್ಚಗಳು. ಸಿರಿಂಜು, ಹತ್ತಿ, ಕೈಗವಸು, ಮುದ್ರಿತ ಚೀಟಿ ಇತ್ಯಾದಿ ರೋಗಿಗಳ ಸಂಖ್ಯೆಯೊಂದಿಗೆ ಏರಿಳಿಯುವ ಚರ ವೆಚ್ಚಗಳು. ಒಟ್ಟು ಆದಾಯವು ಒಟ್ಟು ವೆಚ್ಚಕ್ಕೆ ಸರಿಸಮನಾಗುವ ಹಂತವೇ ಸಮತೋಲನ ಬಿಂದು.

ಉದಾಹರಣೆಗೆ ತಾಲ್ಲೂಕು ಕೇಂದ್ರವೊಂದರ ಕಾಲ್ಪನಿಕ ಚಿಕಿತ್ಸಾಲಯದ ಮಾಸಿಕ ಸ್ಥಿರ ವೆಚ್ಚ ಹೀಗಿರಲಿ:

– ಬಾಡಿಗೆ: ₹35,000
– ಇಬ್ಬರು ಸಿಬ್ಬಂದಿಯ ಸಂಬಳ: ₹40,000
– ವಿದ್ಯುತ್, ನೀರು, ದೂರವಾಣಿ: ₹10,000
– ಉಪಕರಣಗಳ ಸಾಲದ ಕಂತು: ₹25,000
– ವಿಮೆ, ತ್ಯಾಜ್ಯ ವಿಲೇವಾರಿ, ನವೀಕರಣ ಶುಲ್ಕ: ₹10,000
– ಒಟ್ಟು: ₹1,20,000

ಒಬ್ಬ ರೋಗಿಯ ಶುಲ್ಕ ₹300, ಅದರಲ್ಲಿ ಚರ ವೆಚ್ಚ ₹20 ಎಂದುಕೊಂಡರೆ ಉಳಿಯುವುದು ₹280. ಸ್ಥಿರ ವೆಚ್ಚ ತುಂಬಿಬರಲು ತಿಂಗಳಿಗೆ 429 ರೋಗಿಗಳು, ಅಂದರೆ 25 ಕೆಲಸದ ದಿನಗಳಲ್ಲಿ ದಿನಕ್ಕೆ ಸುಮಾರು 17 ಮಂದಿ ಬೇಕು. ಹದಿನೆಂಟನೆಯ ರೋಗಿಯಿಂದಾಚೆಗಷ್ಟೇ ಮನೆಯ ಆದಾಯ ಆರಂಭವಾಗುತ್ತದೆ. ಶುಲ್ಕ ಪಡೆಯದೆ ನೋಡುವ ಬಡವರು, ಬಂಧುಗಳು, ಸಹೋದ್ಯೋಗಿಗಳು ಹಾಗೂ ಮರುಭೇಟಿಯ ರೋಗಿಗಳು ಈ ಎಣಿಕೆಯಿಂದ ಹೊರಗುಳಿಯುತ್ತಾರೆ.

ಶುಲ್ಕವನ್ನು ತೀರಾ ಕಡಿಮೆ ಇಟ್ಟುಕೊಂಡ ವೈದ್ಯರೂ ಇದ್ದಾರೆ. ಮಂಡ್ಯದ ಚರ್ಮರೋಗ ತಜ್ಞ ಡಾ. ಶಂಕರೇಗೌಡ ಅವರು ‘ಐದು ರೂಪಾಯಿ ಡಾಕ್ಟರ್’ ಎಂದೇ ಹೆಸರಾಗಿದ್ದಾರೆ. ಸ್ಥಿರ ವೆಚ್ಚ ಮತ್ತು ಸಾಲ ಕಡಿಮೆಯಿದ್ದಷ್ಟೂ ಶುಲ್ಕವನ್ನು ಇಳಿಸುವ ಸ್ವಾತಂತ್ರ್ಯ ವೈದ್ಯರಿಗೆ ಹೆಚ್ಚುತ್ತದೆ. ಇದು ಮೇಲಿನ ಲೆಕ್ಕದಿಂದಲೂ ಸ್ಪಷ್ಟ: ಸಾಲದ ಕಂತು ಇಲ್ಲದಿದ್ದರೆ ಅದೇ ಚಿಕಿತ್ಸಾಲಯದ ಸಮತೋಲನ ಬಿಂದು ದಿನಕ್ಕೆ 14 ರೋಗಿಗಳಿಗೆ ಇಳಿಯುತ್ತದೆ.

2020ರ ಮಾರ್ಚ್ 25ರಿಂದ ಜಾರಿಗೆ ಬಂದ ಕೋವಿಡ್-19 ಲಾಕ್‌ಡೌನ್ ಅವಧಿಯಲ್ಲಿ ಅನೇಕ ಸಣ್ಣ ಚಿಕಿತ್ಸಾಲಯಗಳ ಹೊರರೋಗಿ ವಿಭಾಗಗಳು ಮುಚ್ಚಿದ್ದವು. ಬಾಡಿಗೆ ಮತ್ತು ಸಂಬಳದ ಹೊಣೆ ಮಾತ್ರ ಮುಂದುವರಿಯಿತು. ಇಂತಹ ಸಂದರ್ಭಕ್ಕಾಗಿ ಮನೆಯ ಆರು ತಿಂಗಳ ಮತ್ತು ಚಿಕಿತ್ಸಾಲಯದ ಮೂರು ತಿಂಗಳ ವೆಚ್ಚಕ್ಕೆ ಸಾಲುವ ಆಪತ್ತು ನಿಧಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಲು ಹಣಕಾಸು ಸಲಹೆಗಾರರು ಸಾಮಾನ್ಯವಾಗಿ ಸೂಚಿಸುತ್ತಾರೆ.

ಸಾಲ ಮತ್ತು ಉಪಕರಣಗಳ ಖರೀದಿ

ಶಿಕ್ಷಣ ಸಾಲದ ಬಡ್ಡಿಯನ್ನು ಕಲಂ 80ಇ ಪ್ರಕಾರ ಮರುಪಾವತಿ ಆರಂಭವಾದ ವರ್ಷವೂ ಸೇರಿ ಗರಿಷ್ಠ ಎಂಟು ವರ್ಷಗಳ ಕಾಲ ಆದಾಯದಿಂದ ಕಳೆಯಬಹುದು. ಈ ಸೌಲಭ್ಯ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. ಅಸಲಿನ ಮರುಪಾವತಿಗೆ ಇದು ಅನ್ವಯಿಸುವುದಿಲ್ಲ.

ಉಪಕರಣ ಸಾಲದ ಮಾಸಿಕ ಕಂತನ್ನು ಇಡಿಯಾಗಿ ವೆಚ್ಚವೆಂದು ಭಾವಿಸುವುದು ಸಾಮಾನ್ಯ ತಪ್ಪು ಕಲ್ಪನೆ. ಕಂತಿನ ಬಡ್ಡಿಯ ಭಾಗ ಮಾತ್ರ ವೆಚ್ಚ. ಅಸಲಿನ ಬದಲಿಗೆ ಉಪಕರಣದ ಬೆಲೆಯ ಮೇಲೆ ಪ್ರತಿ ವರ್ಷ ಸವಕಳಿ ದೊರೆಯುತ್ತದೆ. ಸಾಮಾನ್ಯ ಯಂತ್ರೋಪಕರಣಗಳಿಗೆ ಸವಕಳಿ ದರ ಶೇ. 15, ಡಯಾಲಿಸಿಸ್ ಯಂತ್ರ, ವೆಂಟಿಲೇಟರ್, ಡಿಫಿಬ್ರಿಲೇಟರ್, ಕಲರ್ ಡಾಪ್ಲರ್, ಎಂಆರ್‌ಐ ಮೊದಲಾಗಿ ನಿಯಮಗಳಲ್ಲಿ ಪಟ್ಟಿ ಮಾಡಿರುವ ಜೀವರಕ್ಷಕ ಉಪಕರಣಗಳಿಗೆ ಶೇ. 40. ಸವಕಳಿಯನ್ನು ಇಳಿಕೆಯಾದ ಮೌಲ್ಯದ ಮೇಲೆ ಎಣಿಸಲಾಗುತ್ತದೆ. ₹10 ಲಕ್ಷದ ಸಾಮಾನ್ಯ ಯಂತ್ರಕ್ಕೆ ಮೊದಲ ವರ್ಷ ₹1,50,000, ಎರಡನೆಯ ವರ್ಷ ಉಳಿದ ₹8,50,000ದ ಮೇಲೆ ₹1,27,500 ಸವಕಳಿ ಸಿಗುತ್ತದೆ. ಖರೀದಿಸಿದ ವರ್ಷದಲ್ಲಿ ಉಪಕರಣವನ್ನು 180 ದಿನಗಳಿಗಿಂತ ಕಡಿಮೆ ಅವಧಿಗೆ ಬಳಸಿದ್ದರೆ ಆ ವರ್ಷ ಅರ್ಧ ದರ ಅನ್ವಯವಾಗುತ್ತದೆ.

ದುಬಾರಿ ಯಂತ್ರದ ಖರೀದಿಯು ಹಣಕಾಸಿನ ನಿರ್ಧಾರವಷ್ಟೇ ಅಲ್ಲ. ₹40 ಲಕ್ಷ ಬೆಲೆಯ ಸ್ಕ್ಯಾನಿಂಗ್ ಯಂತ್ರವನ್ನು ಶೇ. 10 ಬಡ್ಡಿಯ ಐದು ವರ್ಷದ ಸಾಲದಲ್ಲಿ ಕೊಂಡರೆ ಮಾಸಿಕ ಕಂತು ಸುಮಾರು ₹85,000. ಪ್ರತಿ ಸ್ಕ್ಯಾನಿನಿಂದ ವೆಚ್ಚ ಕಳೆದು ₹800 ಉಳಿಯುವುದಾದರೆ, ಕಂತು ತೀರಿಸಲಿಕ್ಕೇ ತಿಂಗಳಿಗೆ 107 ಸ್ಕ್ಯಾನ್, ಅಂದರೆ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಕು. ಆ ಊರಿನ ನಿಜವಾದ ಅಗತ್ಯ ದಿನಕ್ಕೆ ಎರಡು ಮಾತ್ರವಾಗಿದ್ದರೆ, ಕೊರತೆಯನ್ನು ಮನೆಯ ಹಣದಿಂದ ತುಂಬಬೇಕು, ಇಲ್ಲವೇ ಅನಗತ್ಯ ಸ್ಕ್ಯಾನ್‌ಗಳನ್ನು ಬರೆಯುವ ಪ್ರಲೋಭನೆ ಎದುರಾಗುತ್ತದೆ. ಹೀಗೆ ಸಾಲದ ಭಾರ ರೋಗಿಯ ಹೆಗಲಿಗೆ ದಾಟುವ ಸಾಧ್ಯತೆಯಿರುವುದರಿಂದ, ಖರೀದಿಗೆ ಮುನ್ನ ಈಗಾಗಲೇ ಹೊರಗೆ ಕಳುಹಿಸುತ್ತಿರುವ ರೋಗಿಗಳ ಸಂಖ್ಯೆಯನ್ನು ಕೆಲವು ತಿಂಗಳ ಕಾಲ ದಾಖಲಿಸಿ ನೋಡುವುದು ಸೂಕ್ತ. ಅಲ್ಟ್ರಾಸೌಂಡ್ ಯಂತ್ರಕ್ಕೆ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿಯೂ, ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಅಗತ್ಯ.

ಲೆಕ್ಕಪತ್ರಗಳು

ಆದಾಯ ತೆರಿಗೆ ಕಾಯ್ದೆಯ ಕಲಂ 44ಎಎ ಪ್ರಕಾರ ವೈದ್ಯವೃತ್ತಿಯು ಲೆಕ್ಕಪತ್ರ ಇಡಬೇಕಾದ ನಿರ್ದಿಷ್ಟ ವೃತ್ತಿಗಳಲ್ಲಿ ಒಂದು. ನಿಯಮ 6ಎಫ್ ಪ್ರಕಾರ ನಗದು ಪುಸ್ತಕ, ಖಾತೆ ಪುಸ್ತಕ, ನೀಡಿದ ರಶೀದಿಗಳ ಪ್ರತಿ ಮತ್ತು ವೆಚ್ಚದ ಮೂಲ ಬಿಲ್ಲುಗಳನ್ನು ಇಡಬೇಕು. ₹25 ಮೀರದ ರಶೀದಿಗಳಿಗೆ ಪ್ರತಿ ಇಡುವ ಅಗತ್ಯವಿಲ್ಲ. ವೈದ್ಯರಿಗೆ ಇವುಗಳ ಜೊತೆಗೆ ನಮೂನೆ 3ಸಿಯಲ್ಲಿ ದೈನಂದಿನ ರೋಗಿಗಳ ವಹಿಯನ್ನೂ ಗೊತ್ತುಪಡಿಸಲಾಗಿದೆ. ಅದರಲ್ಲಿ ದಿನಾಂಕ, ಕ್ರಮಸಂಖ್ಯೆ, ರೋಗಿಯ ಹೆಸರು, ನೀಡಿದ ಸೇವೆಯ ಸ್ವರೂಪ, ಪಡೆದ ಶುಲ್ಕ ಮತ್ತು ಶುಲ್ಕ ಪಡೆದ ದಿನಾಂಕವನ್ನು ಬರೆಯಬೇಕು. ಔಷಧಗಳ ದಾಸ್ತಾನಿನ ಲೆಕ್ಕವೂ ಬೇಕಾಗುತ್ತದೆ.

ವೈದ್ಯರು ನಗದು ಪದ್ಧತಿಯಲ್ಲಿ ಅಥವಾ ಸಂಚಿತ ಪದ್ಧತಿಯಲ್ಲಿ ಲೆಕ್ಕ ಇಡಬಹುದು. ನಗದು ಪದ್ಧತಿಯಲ್ಲಿ ಹಣ ಕೈಸೇರಿದಾಗ ಮಾತ್ರ ಆದಾಯವೆಂದು ಗಣನೆಯಾಗುವುದರಿಂದ, ವಸೂಲಾಗದ ಶುಲ್ಕದ ಮೇಲೆ ತೆರಿಗೆ ಕಟ್ಟಬೇಕಾಗುವುದಿಲ್ಲ.

ನಗದು ವ್ಯವಹಾರಕ್ಕೆ ಎರಡು ಮಿತಿಗಳು ಮುಖ್ಯವಾಗಿವೆ. ಒಬ್ಬರಿಗೆ ಒಂದು ದಿನದಲ್ಲಿ ₹10,000 ಮೀರಿ ನಗದಾಗಿ ಪಾವತಿಸಿದ ವೆಚ್ಚವನ್ನು ಸಾಮಾನ್ಯವಾಗಿ ಕಳೆಯಲು ಬರುವುದಿಲ್ಲ. 2017ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಲಂ 269ಎಸ್‌ಟಿ ಪ್ರಕಾರ, ಒಂದೇ ವ್ಯವಹಾರಕ್ಕೆ ಸಂಬಂಧಿಸಿ ₹2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಉಲ್ಲಂಘಿಸಿದರೆ ಪಡೆದ ಮೊತ್ತದಷ್ಟೇ ದಂಡ ವಿಧಿಸಬಹುದು. ₹2,40,000ದ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಮೂರು ದಿನಗಳಲ್ಲಿ ತಲಾ ₹80,000ದಂತೆ ನಗದಾಗಿ ಪಡೆದರೂ ಅದು ಉಲ್ಲಂಘನೆಯೇ ಆಗುತ್ತದೆ.

ತೆರಿಗೆ

ಅಂದಾಜು ಆದಾಯ ಪದ್ಧತಿ: ಕಲಂ 44ಎಡಿಎ ಪ್ರಕಾರ ವಾರ್ಷಿಕ ಒಟ್ಟು ಜಮೆ ₹50 ಲಕ್ಷ ಮೀರದ ವೈದ್ಯರು, ಜಮೆಯ ಅರ್ಧದಷ್ಟನ್ನು ಲಾಭವೆಂದು ಘೋಷಿಸಿ ತೆರಿಗೆ ಕಟ್ಟಬಹುದು. ನಗದು ಜಮೆ ಒಟ್ಟು ಜಮೆಯ ಶೇ. 5ನ್ನು ಮೀರದಿದ್ದರೆ ಈ ಮಿತಿ ₹75 ಲಕ್ಷ. ಈ ಪದ್ಧತಿಯನ್ನು ಆರಿಸಿದವರು ವೆಚ್ಚಗಳ ವಿವರವಾದ ಲೆಕ್ಕಪತ್ರ ಇಡುವ ಕಡ್ಡಾಯದಿಂದ ಮುಕ್ತರು. ಸವಕಳಿಯೂ ಅಂದಾಜಿನಲ್ಲೇ ಸೇರಿದೆಯೆಂದು ಭಾವಿಸಲಾಗುತ್ತದೆ. ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಬೇಕಾದರೆ, ಒಟ್ಟು ಆದಾಯ ತೆರಿಗೆ ವಿನಾಯಿತಿಯ ಮಿತಿಯನ್ನು ಮೀರಿದಾಗ, ಲೆಕ್ಕಪತ್ರ ಮತ್ತು ಲೆಕ್ಕ ಪರಿಶೋಧನೆ ಅಗತ್ಯವಾಗುತ್ತದೆ. ಕಾನೂನಿನ ಮಾತಿನಂತೆ ಶೇ. 50 ಅಥವಾ ವೈದ್ಯರು ಗಳಿಸಿದ್ದಾಗಿ ಹೇಳುವ ಅದಕ್ಕಿಂತ ಹೆಚ್ಚಿನ ಮೊತ್ತ ಲಾಭವಾಗುತ್ತದೆ.

ವಾರ್ಷಿಕ ಜಮೆ ₹36 ಲಕ್ಷವಿದ್ದು ಈ ಪದ್ಧತಿಯಲ್ಲಿ ₹18 ಲಕ್ಷ ಲಾಭ ಘೋಷಿಸಿದ, ಬೇರೆ ಆದಾಯವಿಲ್ಲದ ವೈದ್ಯರಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆ ₹1,60,000, ಶೇ. 4 ಉಪಕರ ₹6,400, ಒಟ್ಟು ₹1,66,400 ಆಗುತ್ತದೆ.

ಮುಂಗಡ ತೆರಿಗೆ: ಸಾಮಾನ್ಯ ಪದ್ಧತಿಯಲ್ಲಿ ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75 ಮತ್ತು ಮಾರ್ಚ್ 15ರೊಳಗೆ ಪೂರ್ಣ ತೆರಿಗೆ ಸಂದಾಯವಾಗಿರಬೇಕು. ಅಂದಾಜು ಆದಾಯ ಪದ್ಧತಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಆಸ್ಪತ್ರೆಗಳು ಕಡಿತ ಮಾಡುವ ಶೇ. 10ರ ತೆರಿಗೆಯೇ ಅಂತಿಮ ತೆರಿಗೆಯಲ್ಲ. ಹೆಚ್ಚಿನ ಆದಾಯದ ತಜ್ಞರಿಗೆ ಶೇ. 30ರವರೆಗಿನ ದರ ಅನ್ವಯಿಸುವುದರಿಂದ ವ್ಯತ್ಯಾಸದ ಮೊತ್ತವನ್ನು ಅವರೇ ಕಟ್ಟಬೇಕು, ತಡವಾದರೆ ಬಡ್ಡಿಯನ್ನೂ ತೆರಬೇಕು.

ಹಳೆಯ ಮತ್ತು ಹೊಸ ಪದ್ಧತಿ: 2023–24ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಮೂಲ ಆಯ್ಕೆ. ಅದರಲ್ಲಿ ದರ ಕಡಿಮೆ. ಆದರೆ 80ಸಿ, 80ಡಿ, 80ಇ ಮೊದಲಾದ ಕಡಿತಗಳಿಲ್ಲ. ವೇತನದಾರರು ಪ್ರತಿ ವರ್ಷ ಆಯ್ಕೆ ಬದಲಿಸಬಹುದು. ವೃತ್ತಿ ಆದಾಯವುಳ್ಳವರು ಹಳೆಯ ಪದ್ಧತಿಗೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ, ಆ ಆದಾಯ ಇರುವವರೆಗೆ ಮತ್ತೆ ಹಳೆಯದಕ್ಕೆ ಹೋಗಲಾಗದು.

ಸರಕು ಮತ್ತು ಸೇವಾ ತೆರಿಗೆ: ರೋಗಪತ್ತೆ, ಚಿಕಿತ್ಸೆ ಮತ್ತು ಆರೈಕೆಯ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿಯಿದೆ. ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆ ಮತ್ತು ಕೂದಲು ಕಸಿಗೆ ವಿನಾಯಿತಿಯಿಲ್ಲ; ಜನ್ಮಜಾತ ದೋಷ, ಗಾಯ ಇತ್ಯಾದಿಗಳಿಂದಾದ ವಿರೂಪವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಇದೆ. 2022ರ ಜುಲೈ 18ರಿಂದ ತೀವ್ರ ನಿಗಾ ಘಟಕಗಳನ್ನು ಹೊರತುಪಡಿಸಿ ದಿನಕ್ಕೆ ₹5,000 ಮೀರಿದ ಆಸ್ಪತ್ರೆ ಕೊಠಡಿ ಬಾಡಿಗೆಗೆ ಶೇ. 5 ತೆರಿಗೆಯಿದೆ. ವಿನಾಯಿತಿ ಪಡೆದ ಸೇವೆಗಾಗಿ ಖರೀದಿಸಿದ ಉಪಕರಣದ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹಿಂಪಡೆಯಲಾಗದು. ಆದ್ದರಿಂದ ಅದು ಉಪಕರಣದ ಬೆಲೆಯ ಭಾಗವೇ ಆಗುತ್ತದೆ.

ವೃತ್ತಿ ತೆರಿಗೆ: ರಾಜ್ಯ ಸರ್ಕಾರವು 1976ರ ಕರ್ನಾಟಕ ವೃತ್ತಿ ತೆರಿಗೆ ಕಾಯ್ದೆಯಡಿ ಈ ತೆರಿಗೆ ವಿಧಿಸುತ್ತದೆ. ಸಂವಿಧಾನದ 276ನೇ ವಿಧಿಯಂತೆ ಇದು ಒಬ್ಬರಿಗೆ ವರ್ಷಕ್ಕೆ ₹2,500 ಮೀರುವಂತಿಲ್ಲ.

ಹೊಣೆಗಾರಿಕೆ ಮತ್ತು ವಿಮೆ

1995ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ನಡುವಿನ ಪ್ರಕರಣದಲ್ಲಿ, ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿಯೇ ನೀಡುವ ಸೇವೆಯನ್ನು ಮಾತ್ರ ಹೊರಗಿಡಲಾಯಿತು. ಕೋಲ್ಕತ್ತದ ಪ್ರಕರಣವೊಂದರಲ್ಲಿ 2013ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಸುಮಾರು ₹5.96 ಕೋಟಿ ಪರಿಹಾರ ಮತ್ತು ಬಡ್ಡಿಯನ್ನು ವಿಧಿಸಿತು. ಅದರ ಬಹುಪಾಲು ಆಸ್ಪತ್ರೆಯ ಮೇಲೂ ಉಳಿದದ್ದು ವೈದ್ಯರ ಮೇಲೂ ಬಿತ್ತು.

ಏಕಮಾಲೀಕತ್ವದಲ್ಲಿ ಹಾಗೂ ಸಾಮಾನ್ಯ ಪಾಲುದಾರಿಕೆಯಲ್ಲಿ ಇಂತಹ ಹೊಣೆ ವೈಯಕ್ತಿಕ ಆಸ್ತಿಯವರೆಗೂ ಚಾಚುತ್ತದೆ. ಕಂಪನಿ ಅಥವಾ 2008ರ ಕಾಯ್ದೆಯಡಿಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆಯು ಸಂಸ್ಥೆಯ ಸಾಲಗಳಿಂದ ರಕ್ಷಣೆ ನೀಡಿದರೂ, ವೈದ್ಯರ ಸ್ವಂತ ನಿರ್ಲಕ್ಷ್ಯದಿಂದಾದ ಹಾನಿಯ ಹೊಣೆಯನ್ನು ತಪ್ಪಿಸುವುದಿಲ್ಲ. ಸಂಸ್ಥೆಯ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದ್ದರೆ ಆ ರಕ್ಷಣೆಯೂ ಇರುವುದಿಲ್ಲ.

ವೃತ್ತಿ ಹೊಣೆಗಾರಿಕೆ ವಿಮೆಯು ಪರಿಹಾರದ ಮೊತ್ತ ಮತ್ತು ನ್ಯಾಯಾಲಯದ ವೆಚ್ಚವನ್ನು ಪಾಲಿಸಿಯ ಮಿತಿಯೊಳಗೆ ಭರಿಸುತ್ತದೆ. ಇಂತಹ ಪಾಲಿಸಿಗಳಲ್ಲಿ ಹೆಚ್ಚಿನವು ಕ್ಲೇಮು ಸಲ್ಲಿಕೆಯಾದ ದಿನವನ್ನು ಆಧರಿಸಿವೆ: ಚಿಕಿತ್ಸೆ ನಡೆದಾಗ ಮಾತ್ರವಲ್ಲ, ದೂರು ಬಂದಾಗಲೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಒಂದು ವರ್ಷ ನವೀಕರಣ ತಪ್ಪಿದರೆ ಹಿಂದಿನ ವರ್ಷಗಳ ಚಿಕಿತ್ಸೆಗೂ ರಕ್ಷಣೆ ಕೈತಪ್ಪಬಹುದು. ಸಲಹಾ ತಜ್ಞರು ಆಸ್ಪತ್ರೆಯ ಪಾಲಿಸಿಯಲ್ಲಿ ತಮ್ಮ ಹೆಸರು ಸೇರಿದೆಯೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಅವಶ್ಯ.

ಕುಟುಂಬದ ರಕ್ಷಣೆಗೆ ಅವಧಿ ಜೀವವಿಮೆ, ಆರೋಗ್ಯ ವಿಮೆ ಮತ್ತು ಅಪಘಾತ ಹಾಗೂ ಅಂಗವೈಕಲ್ಯದ ವಿಮೆ ಮುಖ್ಯವಾದವು. ಕೈಯ ಒಂದು ಗಾಯವೇ ಶಸ್ತ್ರಚಿಕಿತ್ಸಕರ ಗಳಿಕೆಯನ್ನು ನಿಲ್ಲಿಸಬಲ್ಲದು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಂ ಪ್ರಕಾರ, ವಿವಾಹಿತ ಪುರುಷರು ಹೆಂಡತಿ ಮತ್ತು ಮಕ್ಕಳ ಪ್ರಯೋಜನಕ್ಕಾಗಿ ತಮ್ಮ ಜೀವದ ಮೇಲೆ ಮಾಡಿಸಿದ ಪಾಲಿಸಿಯ ಹಣ ನ್ಯಾಸವೆಂದು ಪರಿಗಣಿತವಾಗುತ್ತದೆ. ಸಾಲಗಾರರನ್ನು ವಂಚಿಸುವ ಉದ್ದೇಶ ಇಲ್ಲದಿದ್ದರೆ, ಸಾಲ ಕೊಟ್ಟವರು ಆ ಹಣದ ಮೇಲೆ ಹಕ್ಕು ಸಾಧಿಸಲಾಗದು. ಪಾಲಿಸಿ ಕೊಳ್ಳುವಾಗಲೇ ಈ ಆಯ್ಕೆಯನ್ನು ನಮೂದಿಸಬೇಕು.

ಉಳಿತಾಯ ಮತ್ತು ನಿವೃತ್ತಿ

ಸ್ವಂತ ವೃತ್ತಿಯ ವೈದ್ಯರಿಗೆ ಪಿಂಚಣಿಯಿಲ್ಲ. ತಡವಾದ ಆರಂಭದ ಪರಿಣಾಮ ಚಕ್ರಬಡ್ಡಿಯಲ್ಲಿ ಎದ್ದು ಕಾಣುತ್ತದೆ. ತಿಂಗಳಿಗೆ ₹10,000ದಂತೆ ವಾರ್ಷಿಕ ಶೇ. 8ರ ಪ್ರತಿಫಲದಲ್ಲಿ 30ನೇ ವಯಸ್ಸಿನಿಂದ 60ರವರೆಗೆ ಉಳಿಸಿದರೆ ಸುಮಾರು ₹1.49 ಕೋಟಿಯಾಗುತ್ತದೆ, 40ನೇ ವಯಸ್ಸಿನಲ್ಲಿ ಆರಂಭಿಸಿದರೆ ಸುಮಾರು ₹59 ಲಕ್ಷ ಮಾತ್ರ. ಮೊದಲ ಹತ್ತು ವರ್ಷಗಳಲ್ಲಿ ಹೂಡಿದ್ದು ₹12 ಲಕ್ಷವಾದರೂ, ಅಂತಿಮ ಮೊತ್ತದಲ್ಲಿ ಅದು ತರುವ ವ್ಯತ್ಯಾಸ ಸುಮಾರು ₹90 ಲಕ್ಷ.

ಸಾರ್ವಜನಿಕ ಭವಿಷ್ಯ ನಿಧಿಯಲ್ಲಿ ವರ್ಷಕ್ಕೆ ₹1.5 ಲಕ್ಷದವರೆಗೆ ಹೂಡಬಹುದು. ಅದರ ಮೂಲ ಅವಧಿ 15 ವರ್ಷ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಮ್ಯೂಚುವಲ್ ಫಂಡ್, ಬ್ಯಾಂಕ್ ಠೇವಣಿಗಳು ಇತರ ಪ್ರಮುಖ ಸಾಧನಗಳು. ನಿವೇಶನ ಮತ್ತು ಆಸ್ಪತ್ರೆ ಕಟ್ಟಡದಲ್ಲೇ ಎಲ್ಲ ಉಳಿತಾಯವನ್ನೂ ತೊಡಗಿಸಿದರೆ, ಹಣ ಬೇಕಾದಾಗ ಬೇಗನೆ ಮಾರಲಾಗದ ತೊಂದರೆಯಿದೆ. ಚಿಕಿತ್ಸಾಲಯವನ್ನೇ ನಿವೃತ್ತಿ ನಿಧಿಯೆಂದು ನಂಬುವುದಕ್ಕೂ ಮಿತಿಯಿದೆ: ರೋಗಿಗಳ ವಿಶ್ವಾಸ ವೈದ್ಯರ ವ್ಯಕ್ತಿತ್ವಕ್ಕೆ ಅಂಟಿಕೊಂಡಿರುವ ಕಾರಣ, ಅವರು ನಿಂತ ಮೇಲೆ ಕಟ್ಟಡ ಮತ್ತು ಉಪಕರಣಗಳ ಬೆಲೆಯಷ್ಟೇ ಉಳಿಯುವುದುಂಟು.

ನೈತಿಕ ಮಿತಿಗಳು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು ರೋಗಿಯನ್ನು ಕಳುಹಿಸಿದ್ದಕ್ಕಾಗಿ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿವೆ. 2009ರ ತಿದ್ದುಪಡಿಯು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಮತ್ತು ನಗದು ಪಡೆಯುವುದನ್ನು ನಿರ್ಬಂಧಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿ, ಅದೇ ತಿಂಗಳು ಅವುಗಳನ್ನು ತಡೆಹಿಡಿದು ಹಳೆಯ ನಿಯಮಗಳನ್ನೇ ಮುಂದುವರಿಸಿತು.

ತೆರಿಗೆ ಕಾನೂನೂ ಇದೇ ದಿಕ್ಕಿನಲ್ಲಿ ಸಾಗಿದೆ. ವೈದ್ಯರಿಗೆ ನೀಡಿದ ಉಚಿತ ಕೊಡುಗೆಗಳ ವೆಚ್ಚವನ್ನು ಔಷಧ ಕಂಪನಿಗಳು ಆದಾಯದಿಂದ ಕಳೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ತೀರ್ಮಾನಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕಲಂ 194ಆರ್ ಪ್ರಕಾರ ವರ್ಷಕ್ಕೆ ₹20,000 ಮೀರಿದ ಇಂತಹ ಪ್ರಯೋಜನಗಳ ಮೇಲೆ ಶೇ. 10 ತೆರಿಗೆ ಕಡಿತವಾಗುತ್ತದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಕೊಡುಗೆಯು ವೃತ್ತಿ ನಿಯಮಗಳ ಪ್ರಕಾರ ಸಮ್ಮತವಾಗುವುದಿಲ್ಲ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಚಿಕಿತ್ಸಾಲಯಗಳು ನೋಂದಣಿ ಮಾಡಿಸಿಕೊಂಡು ಶುಲ್ಕಗಳ ವಿವರವನ್ನು ಪ್ರದರ್ಶಿಸಬೇಕು. ಈ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ 2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ನಡೆಸಿದ್ದರು. ಬಳಿಕ ಅಂಗೀಕಾರವಾದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸೇರಿದೆ.

ವೃತ್ತಿಯ ಮುಕ್ತಾಯ ಮತ್ತು ಉತ್ತರಾಧಿಕಾರ

ವೈದ್ಯರ ನಿಧನ ಅಥವಾ ದೀರ್ಘ ಅನಾರೋಗ್ಯದಿಂದ ಏಕಮಾಲೀಕತ್ವದ ಚಿಕಿತ್ಸಾಲಯದ ಆದಾಯ ಕೂಡಲೇ ನಿಲ್ಲುತ್ತದೆ. ಸಾಲದ ಕಂತು ಮತ್ತು ಬಾಡಿಗೆ ಕರಾರು ನಿಲ್ಲುವುದಿಲ್ಲ. ಸಂಗಾತಿಯು ಸಾಲಕ್ಕೆ ಜಾಮೀನುದಾರರಾಗಿದ್ದರೆ ಬ್ಯಾಂಕು ಅವರಿಂದ ವಸೂಲಿ ಮಾಡಬಹುದು. ಆದ್ದರಿಂದ ಬಾಕಿ ಸಾಲದ ಮೊತ್ತಕ್ಕೆ ಕಡಿಮೆಯಿಲ್ಲದ ಅವಧಿ ವಿಮೆ ಇರುವುದು ಸೂಕ್ತ. ಖಾತೆ, ಪಾಲಿಸಿ, ಸಾಲ, ಬರಬೇಕಾದ ಬಾಕಿ ಮತ್ತು ಲೆಕ್ಕ ಪರಿಶೋಧಕರ ವಿವರಗಳಿರುವ ಒಂದು ಪಟ್ಟಿಯೂ ಮನೆಯವರಿಗೆ ತಿಳಿದಿರುವಲ್ಲಿ ಇರಬೇಕು.

ಬ್ಯಾಂಕ್ ಖಾತೆ ಮತ್ತು ಹೂಡಿಕೆಗಳಲ್ಲಿ ನಾಮನಿರ್ದೇಶಿತರು ಸಾಮಾನ್ಯವಾಗಿ ಹಣವನ್ನು ಸ್ವೀಕರಿಸುವವರೇ ಹೊರತು ಮಾಲೀಕರಲ್ಲ. ಷೇರುಗಳ ವಿಷಯದಲ್ಲಿ ಇದನ್ನು ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಕ್ಕು ಉಯಿಲಿನ ಅಥವಾ ಉತ್ತರಾಧಿಕಾರ ಕಾನೂನಿನ ಪ್ರಕಾರ ನಿರ್ಧಾರವಾಗುತ್ತದೆ. ಉಯಿಲಿಗೆ ಇಬ್ಬರು ಸಾಕ್ಷಿಗಳ ದೃಢೀಕರಣ ಬೇಕು, ನೋಂದಣಿ ಕಡ್ಡಾಯವಲ್ಲ.

ನಿವೃತ್ತಿಯಾಗುವ ವೈದ್ಯರು ಸಿಬ್ಬಂದಿಯ ಬಾಕಿಗಳನ್ನು ತೀರಿಸಿ, ನೋಂದಣಿಗಳನ್ನು ರದ್ದುಪಡಿಸಿ, ರೋಗಿಗಳಿಗೆ ಮುಂಚಿತವಾಗಿ ತಿಳಿಸಿ ದಾಖಲೆಗಳ ಪ್ರತಿ ನೀಡಬೇಕಾಗುತ್ತದೆ. 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಯ್ದಿಡಬೇಕು. ಗ್ರಾಹಕ ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಮಿತಿಯಿದ್ದು, ಸಕಾರಣವಿದ್ದರೆ ಆಯೋಗವು ವಿಳಂಬವನ್ನು ಮನ್ನಿಸಬಹುದು. ಹೀಗಾಗಿ ಕೊನೆಯ ರೋಗಿಯನ್ನು ನೋಡಿದ ನಂತರವೂ ಹೊಣೆಗಾರಿಕೆ ವಿಮೆಯನ್ನು ಕೆಲವು ವರ್ಷ ಮುಂದುವರಿಸಬೇಕಾಗುತ್ತದೆ.